ಡ್ರಾಯಿಂಗ್ ಮಾಸ್ತರರ ಜರ್ಮನ್ ಗಾಡಿ

ಸ್ಟಾಫ್ ರೂಮಿನ ಉದ್ದ ಮೇಜಿನ ಆ ಬದಿಗೆ ಅವರು, ಈ ಬದಿಗೆ ನಾನು. ಅಂಕೋಲೆಯ ನಮ್ಮ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಹಾಗೆ ಎದುರುಬದುರು ಕೂತಿದ್ದೇವೆ. ಮೊದಲ ಆರು ವರ್ಷ ನಮ್ಮ ನಡುವೆ ಮಾತಿತ್ತು. ಕೊನೆಯ ಐದು ವರ್ಷ ಇರಲಿಲ್ಲ. ಮಾತು ಬಿಟ್ಟವಳು ನಾನು.

ಅವರು ಡ್ರಾಯಿಂಗ್ ಮಾಸ್ತರು, ನಾನು ಕನ್ನಡ ಕಲಿಸುವ ಅಕ್ಕೋರು. ಎತ್ತರದ, ಬಡಕಲು ಮೈಯ ಮನುಷ್ಯ. ಎಷ್ಟು ಸಾಬೂನು ಹಾಕಿ ತಿಕ್ಕಿದರೂ ಅವರ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ತಾವರೆ ಬರೆಯುತ್ತಿದ್ದ ಬೆರಳುಗಳಿಗೆ ಪೆಟ್ರೋಲಿನ ವಾಸನೆ ಇರುತ್ತಿತ್ತು. ಮಕ್ಕಳು ಹಿಂದಿನಿಂದ ಗ್ರೀಸ್ ಮಾಸ್ತರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ಅವರದು ಮೀನುಗಾರರ ಮನೆ. ಅಣ್ಣಂದಿರು ಕಾರವಾರದ ಬಂದರಿನಲ್ಲಿ ದೋಣಿ ಇಟ್ಟುಕೊಂಡವರು. ಇವರೊಬ್ಬರು ಚಿತ್ರ ಕಲಿಯಲೆಂದು ಮುಂಬಯಿಗೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ಅರ್ಧ ದಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದರು. ಶ್ರೀಮಂತರ ಜರ್ಮನ್ ಕಾರುಗಳು ಮಾತ್ರ ಬರುತ್ತಿದ್ದ ಗ್ಯಾರೇಜು ಅದು. ಚಿತ್ರಕಲೆಯ ಡಿಪ್ಲೊಮಾ ಹಿಡಿದು ಊರಿಗೆ ಮರಳಿದಾಗ ಆ ಗಾಡಿಗಳ ಹುಚ್ಚೂ ಜೊತೆಗೇ ಬಂದಿತ್ತು.

ಅವರ ಗಾಡಿ ಸಿಕ್ಕಿದ್ದು ಕಾರವಾರದ ಹತ್ತಿರದ ಕದ್ವಾಡದಲ್ಲಿ. ಮುಂಬಯಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಆ ಊರಿನವರೊಬ್ಬರು ತಂದಿಟ್ಟು ತೀರಿಕೊಂಡಿದ್ದರು. ಆರು ಸಿಲಿಂಡರಿನ, ವೇಗಕ್ಕೆಂದೇ ಮಾಡಿದ ಕಾರು. ತೆಂಗಿನ ಮಡಲಿನ ಚಪ್ಪರದ ಕೆಳಗೆ ಏಳು ವರ್ಷ ನಿಂತ ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಗುಜರಿಯವನು ತೂಕಕ್ಕೆ ಕೇಳಿದ್ದನಂತೆ. ಮಾಸ್ತರು ಅವನಿಗಿಂತ ಸ್ವಲ್ಪ ಹೆಚ್ಚು ಕೊಟ್ಟು, ಟೆಂಪೊದ ಹಿಂದೆ ಹಗ್ಗ ಕಟ್ಟಿ ಎಳೆದು ತಂದರು. ಶಾಲೆಗೆ ಸೈಕಲ್ಲಿನಲ್ಲಿ ಬರುವ ಮಾಸ್ತರರ ಮನೆಯಲ್ಲಿ ಜರ್ಮನ್ ಗಾಡಿ ಎಂದು ನಾವೆಲ್ಲ ನಕ್ಕೆವು.

ಆ ಗಾಡಿಗಾಗಿ ಅವರು ಕಡಲನ್ನೇ ಬಿಟ್ಟರು. ಉಪ್ಪುಗಾಳಿ ಬಡಿದರೆ ತಗಡು ಉಳಿಯುವುದಿಲ್ಲವೆಂದು ದಂಡೆಯ ಮನೆಯನ್ನು ಅಣ್ಣಂದಿರಿಗೆ ಬಿಟ್ಟು, ಒಳನಾಡಿನ ಅಗಸೂರಿನಲ್ಲಿ ಬಾಡಿಗೆಗೆ ಹೋದರು. ಅಲ್ಲಿ ಅದಿರಿನ ಲಾರಿಗಳ ಕೆಂಪು ಧೂಳು. ಆದರೂ ಧೂಳನ್ನು ಒರೆಸಬಹುದು, ಉಪ್ಪನ್ನು ಒರೆಸಲಾಗದು ಎನ್ನುತ್ತಿದ್ದರು. ಗಾಡಿಯ ಹೊಟ್ಟೆಯ ಭಾಗಕ್ಕೆ ಮೀನೆಣ್ಣೆ ಬಳಿಯುತ್ತಿದ್ದರು. ದೋಣಿಯ ಹಲಗೆಗೆ ಅವರ ಅಪ್ಪ ಬಳಿಯುತ್ತಿದ್ದ ಎಣ್ಣೆಯೇ.

"ಜರ್ಮನಿಯವ್ರಿಗೆ ಚಳಿ ಗೊತ್ತು ಅಕ್ಕೋರೆ, ಹಿಮ ಗೊತ್ತು. ನಮ್ಮ ಕಾರವಾರದ ಗಾಳಿ ಗೊತ್ತಿಲ್ಲ. ಅದ್ಕೆ ನಾವೇ ಏನಾರೂ ಮಾಡೂಕೆ ಬೇಕಲ್ದ?"

ಗಾಡಿಯ ರಿಪೇರಿ ಪುಸ್ತಕ ಅವರಿಗೆ ಮುಂಬಯಿಯ ಫುಟ್‌ಪಾತಿನಲ್ಲಿ ಸಿಕ್ಕಿತ್ತು. ಪೂರ್ತಿ ಜರ್ಮನ್ ಭಾಷೆಯದು. ಒಂದು ನಿಘಂಟು ತರಿಸಿಕೊಂಡು ಶಬ್ದ ಶಬ್ದ ಹುಡುಕಿ ಓದುತ್ತಿದ್ದರು. ಒಂದು ದಿನ ಚೀಟಿ ತಂದು ನನ್ನ ಮುಂದಿಟ್ಟರು. ಕನ್ನಡ ಲಿಪಿಯಲ್ಲಿ ‘ತ್ಸಿಲಿಂಡರ್‌ಕೊಪ್ಫ್‌ಡಿಖ್ಟುಂಗ್’ ಎಂದು ಬರೆದಿದ್ದರು.

"ಇದ್ನ ಎಲ್ಲಿ ಒಡೆಯೂದು, ಹೇಳಿ ನೋಡ್ವ. ನೀವು ಸಮಾಸ ಕಲಿಸೋರು."

ಮೂರು ಪದ ಸೇರಿ ಒಂದಾದ ಶಬ್ದ ಅದು. ಸಿಲಿಂಡರು, ತಲೆ, ಬಿಗಿ. ಎಂಜಿನ್ನಿನ ಎರಡು ಭಾಗಗಳ ನಡುವೆ ಕೂರುವ ತೆಳ್ಳಗಿನ ಹಾಳೆಯ ಹೆಸರಂತೆ. ಆಮೇಲೆ ವಾರಕ್ಕೊಂದು ಇಂಥ ಶಬ್ದ ಬರುತ್ತಿತ್ತು. ನಾನು ಒಡೆಯುತ್ತಿದ್ದೆ, ಅವರು ಅರ್ಥ ಹೇಳುತ್ತಿದ್ದರು. ಮದುವೆಯಾಗದೆ ಅಪ್ಪನ ಮನೆಯಲ್ಲಿ ಉಳಿದು, ಬಸ್ಸು ಹಿಡಿದು ಬಂದು ಹೋಗುತ್ತಿದ್ದ ನನಗೆ ಆ ಚೀಟಿಗಳ ಖುಷಿ ಎಷ್ಟಿತ್ತೆಂದು ಆಗ ತಿಳಿದಿರಲಿಲ್ಲ.

ಅವರ ಕಿವಿ ವಿಚಿತ್ರದ್ದು. ಪಾಠ ಮಾಡುತ್ತಿರುವಾಗ ರಸ್ತೆಯಲ್ಲಿ ಬಸ್ಸು ಹೋದರೆ ಅರೆಕ್ಷಣ ನಿಂತು ಕೇಳಿ ಮತ್ತೆ ಮುಂದುವರಿಸುತ್ತಿದ್ದರು. ಹೆಡ್‌ಮಾಸ್ತರರ ಸ್ಕೂಟರಿನಲ್ಲಿ ಏನೋ ಕಿಟಕಿಟ ಎಂದದ್ದಕ್ಕೆ ಅವರನ್ನು ಗೇಟಿನಲ್ಲೇ ಇಳಿಸಿ, ಚಕ್ರ ಬಿಚ್ಚಿ, ಸರಿಮಾಡಿ ಕೊಟ್ಟ ಮೇಲೆಯೇ ಹೋಗಲು ಬಿಟ್ಟಿದ್ದರು. "ಕೇಳಿದ ಸಪ್ಪಳನ ನಾಳೆ ನೋಡ್ತೆ ಅನ್ಬಾರ್ದು" ಎಂಬುದು ಅವರ ಮಾತು.

ನನ್ನ ತಮ್ಮನಿಗೆ ಆಗ ಇಪ್ಪತ್ತೇಳು ವರ್ಷ. ಅಂಕೋಲೆಯ ಸಹಕಾರಿ ಸಂಘವೊಂದರಲ್ಲಿ ಕೆಲಸ. ಒಮ್ಮೆ ನನ್ನನ್ನು ಕರೆದೊಯ್ಯಲು ಶಾಲೆಗೆ ಬಂದವನು ಮಾಸ್ತರರ ಜೊತೆ ಮಾತಿಗೆ ನಿಂತ. ಅಲ್ಲಿಂದ ಅವನ ರವಿವಾರಗಳೆಲ್ಲ ಅಗಸೂರಿನ ಪಾಲಾದವು. ಗಾಡಿ ಓಡುವಂತಾಗಲು ನಾಲ್ಕು ವರ್ಷ ಹಿಡಿಯಿತು. ಎಂಜಿನ್ ಸರಿಯಾದ ಮೇಲೂ ಮಾಸ್ತರರಿಗೆ ಸಮಾಧಾನವಿರಲಿಲ್ಲ. ನಮ್ಮ ಸೆಕೆಗೆಂದು ರೇಡಿಯೇಟರಿಗೆ ಇನ್ನೊಂದು ಫ್ಯಾನು ಕೂರಿಸಿದರು. ನಮ್ಮ ರಸ್ತೆಗೆಂದು ಗಟ್ಟಿ ಸ್ಪ್ರಿಂಗು ಹಾಕಿದರು. ಕೊನೆಗೆ ಬ್ರೇಕು. ಗೋವೆಯಲ್ಲಿ ಜಖಂ ಆಗಿ ಬಿದ್ದಿದ್ದ, ಅದೇ ಜಾತಿಯ ದೊಡ್ಡ ಕಾರೊಂದರ ಮುಂದಿನ ಬ್ರೇಕುಗಳನ್ನು ತಂದು ತಮ್ಮ ಗಾಡಿಗೆ ಕೂರಿಸಿದರು.

"ಓಡೂದು ಯಾವ ಗಾಡಿನಾದ್ರೂ ಓಡ್ತದೆ. ಈ ಲಾರಿ ಮಧ್ಯೆ ನಿಲ್ಲೂದು ಬರೂಕೆ ಬೇಕು" ಎಂದಿದ್ದರು. ಕೂರಿಸಿ ಮುಗಿಸಿದ ದಿನ ನನ್ನ ತಮ್ಮ ಮನೆಗೆ ಬಂದು, ಗಾಡಿ ನಿಂತ ರೀತಿಯನ್ನು ಕೈಯಲ್ಲಿ ಮಾಡಿ ಮಾಡಿ ತೋರಿಸಿದ್ದ.

ಎರಡು ಸಾವಿರದ ನಾಲ್ಕರ ಬೇಸಿಗೆ. ಆಯಿಗೆ, ಅಂದರೆ ನಮ್ಮ ತಾಯಿಗೆ, ಕಣ್ಣಿನ ಪೊರೆ ಬಂದಿತ್ತು, ಕಾರವಾರದ ಡಾಕ್ಟರಿಗೆ ತೋರಿಸಬೇಕಿತ್ತು. ಬಸ್ಸಿನಲ್ಲಿ ಅವಳಿಗೆ ವಾಂತಿಯಾಗುತ್ತಿತ್ತು. ಮಾಸ್ತರರ ಗಾಡಿ ಕೇಳೋಣವೆಂದವಳು ನಾನೇ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೇಳಿದೆ. ಅವರಿಗೆ ಆ ದಿನ ಎಸ್ಸೆಸೆಲ್ಸಿ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಸ್ವಲ್ಪ ಯೋಚಿಸಿ, "ತಮ್ಮ ಹೊಡೀಲಿ ಬಿಡಿ. ಅವ್ನ ಕೈ ನಂಗಿಂತ ಮೆತ್ತಗೆ ಅದೆ" ಎಂದು ಕೀಲಿ ಕೊಟ್ಟರು. ನನಗೂ ಪರೀಕ್ಷೆಯ ಕೆಲಸವಿತ್ತು, ಆಯಿ ಮತ್ತು ತಮ್ಮ ಇಬ್ಬರೇ ಹೊರಟರು.

ಬಿಣಗಾ ಘಾಟು ಹತ್ತಿ ಕಾರವಾರದ ಕಡೆಗೆ ಇಳಿಯುವಾಗ, ತಿರುವಿನಾಚೆ ಕೆಟ್ಟು ನಿಂತಿದ್ದ ಒಂದು ಲಾರಿಯ ಹಿಂಬದಿಗೆ ಗಾಡಿಯ ಎಡಮೈ ಹೊಡೆಯಿತು. ಎಡಗಡೆ ಮುಂದಿನ ಸೀಟಿನಲ್ಲಿ ಆಯಿ ಕೂತಿದ್ದಳು. ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ತಮ್ಮನ ಎಡಗಾಲು ಮೊಣಕಾಲಿನ ಹತ್ತಿರ ಮೂರು ಕಡೆ ಮುರಿದಿತ್ತು.

ಪ್ರಜ್ಞೆ ಬಂದಾಗಿನಿಂದ ತಮ್ಮ ಹೇಳಿದ್ದು ಒಂದೇ ಮಾತು. "ಬ್ರೇಕ್ ಹಿಡೀಲಿಲ್ಲ ಅಕ್ಕ. ಪೆಡಲ್ ನೆಲಕ್ಕೆ ಹೋಯ್ತು."

ಯಾರೂ ನಂಬಲಿಲ್ಲ. ಹರೆಯದ ಹುಡುಗ, ವೇಗದ ಗಾಡಿ, ಇಳಿಜಾರು. ಬೇರೆ ಏನು ಬೇಕು? ತಪಾಸಣೆಗೆ ಬಂದ ಅಧಿಕಾರಿ, ಮುಂಭಾಗ ಪೂರ್ತಿ ನುಜ್ಜುಗುಜ್ಜಾಗಿರುವುದರಿಂದ ಬ್ರೇಕು ಮೊದಲೇ ಕೆಟ್ಟಿತ್ತೋ ಡಿಕ್ಕಿಯಲ್ಲಿ ಕಿತ್ತುಹೋಯಿತೋ ಹೇಳಲಾಗದು ಎಂದು ಬರೆದ. ಪೊಲೀಸರು ತಮ್ಮನ ಮೇಲೆ ಕೇಸು ಹಾಕಿದರು. ಸಂತಾಪಕ್ಕೆ ಬಂದವರು ಜಗುಲಿಯಲ್ಲಿ ಕೂತು, ಒಳಗೆ ಮಲಗಿದ್ದವನಿಗೆ ಕೇಳುವ ಹಾಗೆಯೇ ವೇಗದ ಮಾತಾಡಿದರು. ಅಪ್ಪ ಅವನಿದ್ದ ಕೋಣೆಗೆ ಕಾಲಿಡುವುದನ್ನು ಬಿಟ್ಟರು. ಒಂದು ದಿನ ಬಾಗಿಲಿನಲ್ಲಿ ನಿಂತು, "ಮೋಜಿಗೆ ತಾಯಿನ ಕೊಂದೆ. ಮೇಲಿಂದ ಸುಳ್ಳು ಬೇರೆ ಹೇಳ್ತೀಯ" ಎಂದರು. ತಮ್ಮ ಗೋಡೆಗೆ ಮುಖ ತಿರುಗಿಸಿದ. ನಾನೂ ಅವನನ್ನು ನಂಬಿರಲಿಲ್ಲ.

ಆಯಿಯ ಕರ್ಮಗಳೆಲ್ಲ ಮುಗಿದು ಹತ್ತು ದಿನವಾಗಿರಬಹುದು. ಅಗಸೂರಿನಿಂದ ಭಾವಿಕೇರಿಯ ನಮ್ಮ ಮನೆಗೆ ಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಮಾಸ್ತರು ಬಂದರು. ಕ್ಯಾರಿಯರಿನಲ್ಲಿ ಪೇಪರು ಸುತ್ತಿದ ಡ್ರಾಯಿಂಗ್ ಹಾಳೆಯ ಸುರುಳಿ ಇತ್ತು.

"ಕೂತ್ಕಳ್ಳಿ ಮಾಸ್ತರೆ" ಎಂದರು ಅಪ್ಪ.

"ಮೊದಲು ಹೇಳ್ತೆ. ಆಮೇಲೆ ನೀವೇ ಹೇಳಿ, ಕೂರೂದ, ಹೋಗೂದ ಅಂತ."

ಹಾಳೆಯನ್ನು ಜಗುಲಿಯ ನೆಲದ ಮೇಲೆ ಬಿಡಿಸಿದರು. ಹಾರದಂತೆ ಒಂದು ತುದಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನಮ್ಮ ಮನೆಯ ತಂಬಿಗೆ ಇಟ್ಟರು. ಮುಂದಿನ ಚಕ್ರ, ಅದರ ಒಳಬದಿ, ಬ್ರೇಕಿಗೆ ಎಣ್ಣೆ ಒಯ್ಯುವ ರಬ್ಬರ್ ಪೈಪು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿದ್ದರು. ಗೆರೆ ಒಂದೂ ಅಳುಕಿರಲಿಲ್ಲ. ಅವರ ದನಿ ಮಾತ್ರ ಅಳುಕುತ್ತಿತ್ತು.

ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಎರಡು ದಿನ ಕೂತು ಬಿಚ್ಚಿ ನೋಡಿದರಂತೆ. ದೊಡ್ಡ ಬ್ರೇಕು ಕೂರಿಸುವಾಗ ಹಳೆಯ ಪೈಪು ಗಿಡ್ಡವಾಯಿತು. ಉದ್ದದ್ದು ಹಾಕಿ, ಅದನ್ನು ಹಿಡಿದಿಡುವ ಪಟ್ಟಿಯನ್ನು ತಾವೇ ಮಾಡಿ ಬಿಗಿದಿದ್ದರು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗಲೆಲ್ಲ ಆ ಪೈಪು ಚಕ್ರದ ಒಳಬದಿಗೆ ತಾಗುತ್ತಿತ್ತು. ಸ್ವಲ್ಪ ಸ್ವಲ್ಪವೇ ಸವೆದು ಒಂದು ಕಡೆ ತೆಳ್ಳಗಾಗಿತ್ತು. ಇಳಿಜಾರಿನಲ್ಲಿ ಜೋರಾಗಿ ಬ್ರೇಕು ಒತ್ತಿದಾಗ ಅಲ್ಲೇ ಒಡೆದಿದೆ. ಹಿಂದಿನ ಚಕ್ರದ ಬ್ರೇಕೊಂದೇ ಅಷ್ಟು ಭಾರಕ್ಕೆ ಸಾಲದು. ಚಕ್ರದ ಒಳಗೆ ಬಳೆಯ ಹಾಗೆ ಉಜ್ಜಿದ ಗುರುತು ಇದೆ ಎಂದು ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರು.

"ಪೊಲೀಸರು ಹಂಗೆ ಹೇಳ್ಲಿಲ್ಲಲ" ಎಂದರು ಅಪ್ಪ.

"ಅವ್ರಿಗೆ ಗೊತ್ತಾಗೂದಿಲ್ಲ. ಅದನ್ನ ಅಲ್ಲಿ ಕಟ್ಟಿದವ ನಾನು. ನಂಗೆ ಗೊತ್ತಾಗ್ತದೆ." ಚಿತ್ರದಿಂದ ಬೆರಳು ತೆಗೆದು ಹೇಳಿದರು. "ಅಪಘಾತಕ್ಕೆ ಮೂರ್ನಾಕು ದಿನ ಮೊದಲು ತಿರುಗಿಸುವಾಗ ಒಂದು ಸಪ್ಪಳ ಕೇಳಿತ್ತು. ಪರೀಕ್ಷೆ ಗಡಿಬಿಡಿ. ರವಿವಾರ ನೋಡ್ತೆ ಅಂದ್ಕಂಡೆ. ಗಾಡಿ ಕೊಡುವಾಗ ಅದು ನೆನಪೇ ಆಗ್ಲಿಲ್ಲ."

ಅಪ್ಪ ಹಾಳೆಯನ್ನೇ ನೋಡುತ್ತಿದ್ದರು. "ನೀವು ಇದ್ನ ಹೇಳದೇ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಇಲ್ಲ."

"ಮತ್ತೆ ಎಂತಕೆ ಬಂದ್ರಿ?"

"ತಮ್ಮ ಹೇಳಿದ್ದು ಖರೆ. ಬ್ರೇಕ್ ಹಿಡೀಲಿಲ್ಲ. ನಾ ಸುಮ್ನಿದ್ರೆ ಅವ ಸಾಯೂತನಕ ಸುಳ್ಳ ಆಗಿರ್ತಿದ್ದ."

ಒಳಗಿನಿಂದ ತಮ್ಮ ಬಿಕ್ಕಿದ ಸದ್ದು ಕೇಳಿತು. ಅಪ್ಪನ ಮುಖ ಕೆಂಪಾಯಿತು. ಆ ಸಿಟ್ಟು ಅರ್ಧ ಮಾಸ್ತರರ ಮೇಲಿನದು, ಅರ್ಧ ಬಾಗಿಲಿನಲ್ಲಿ ನಿಂತು ತಾವೇ ಆಡಿದ ಮಾತಿನ ಮೇಲಿನದು ಎಂದು ಈಗ ಅನಿಸುತ್ತದೆ. ಆಗ ಅದು ಒಂದೇ ದಾರಿಯಲ್ಲಿ ಹೊರಗೆ ಬಂತು.

"ಹೋಗಿ. ಇನ್ನು ಈ ಮನೆ ಮೆಟ್ಟಲು ಹತ್ಬೇಡಿ."

"ಮಾಸ್ತರೆ, ನಿಲ್ಲಿ" ಎಂದು ತಮ್ಮ ಒಳಗಿನಿಂದ ಕೂಗಿದ. ಪ್ಲಾಸ್ಟರಿನ ಕಾಲು, ಅವನಿಂದ ಏಳಲಾಗಲಿಲ್ಲ. ಮಾಸ್ತರು ನನ್ನ ಕಡೆ ನೋಡಿದರು. ನಾನು ಬಗ್ಗಿ, ಹಾಳೆಯ ಮೇಲಿದ್ದ ನಮ್ಮ ತಂಬಿಗೆಯನ್ನು ಎತ್ತಿಕೊಂಡು ಒಳಗೆ ನಡೆದೆ. ಹಾಳೆ ತಾನಾಗಿ ಸುರುಳಿ ಸುತ್ತಿಕೊಂಡ ಸದ್ದು ಬೆನ್ನ ಹಿಂದೆ ಕೇಳಿತು.

ಆ ಮಧ್ಯಾಹ್ನ ಅಪ್ಪ ತಾವೇ ತಟ್ಟೆ ಹಿಡಿದು ತಮ್ಮನ ಕೋಣೆಗೆ ಹೋದರು. ಮಂಚದ ಅಂಚಿನಲ್ಲಿ ಕೂತು, ಬಂಗಡೆಯ ಮುಳ್ಳು ಬಿಡಿಸಿ ಬಿಡಿಸಿ ಅವನ ಅನ್ನದ ಮೇಲೆ ಇಟ್ಟರು. ನಮ್ಮ ಮನೆಯಲ್ಲಿ ಕ್ಷಮೆ ಕೇಳುವ ರೂಢಿ ಇಲ್ಲ. ಅಷ್ಟು ಮಟ್ಟಿಗೆ ಅದು ಕೇಳಿದ ಹಾಗೆಯೇ.

ಮರುದಿನ ಮಾಸ್ತರು ಕಾರವಾರಕ್ಕೆ ಹೋಗಿ ಪೊಲೀಸರಿಗೂ ಅದನ್ನೇ ಬರೆದುಕೊಟ್ಟರು. ಕೇಸು ಮೂರು ವರ್ಷ ನಡೆಯಿತು. ವಕೀಲರು ಬೇಡವೆಂದರೂ ಮಾಸ್ತರು ತಪ್ಪು ಒಪ್ಪಿಕೊಂಡರು. ತಮ್ಮ ಬಿಡುಗಡೆಯಾದ. ಅವರಿಗೆ ದಂಡ, ಜೊತೆಗೆ ಆ ದಿನದ ಕಲಾಪ ಮುಗಿಯುವ ತನಕ ಕೋರ್ಟಿನಲ್ಲೇ ಕೂತಿರುವ ಶಿಕ್ಷೆ. ತಮ್ಮನ ಜೊತೆಗೆ ನಾನೂ ಹೋಗಿದ್ದೆ. ಹಿಂದಿನ ಬೆಂಚಿನ ಮೂಲೆಯಲ್ಲಿ, ಮಡಿಲಲ್ಲಿ ಕೊಡೆ ಇಟ್ಟುಕೊಂಡು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ನೆಟ್ಟಗೆ ಕೂತಿದ್ದರು. ಊಟಕ್ಕೆ ಬಿಟ್ಟಾಗಲೂ ಏಳಲಿಲ್ಲ. ತಮ್ಮ ಹೋಗಿ ಪಕ್ಕದಲ್ಲಿ ಕೂತ. ನಾನು ಹೊರಗೆ ನಿಂತು ಬಸ್ಸಿನ ಹೊತ್ತು ವಿಚಾರಿಸಿದೆ.

ಶಾಲೆಯಲ್ಲಿ ಮತ್ತೆ ಅದೇ ಮೇಜು. ನಾನು ಚಹಾದ ಲೋಟ ಎತ್ತಿದರೆ ಅವರು ತಮ್ಮದನ್ನು ಹಿಡಿದು ಹೊರಗೆ ಹೋಗುತ್ತಿದ್ದರು. ನನಗೆ ಮುಜುಗರ ಆಗಬಾರದೆಂದು ಹಾಗೆ ಮಾಡುತ್ತಿದ್ದರು. ಅದನ್ನೂ ನಾನು ಅಹಂಕಾರ ಎಂದುಕೊಂಡೆ. ಗಾಡಿ ಕೇಳಿದವಳು ನಾನು ಎಂಬುದನ್ನು ಅವರು ಒಮ್ಮೆಯೂ, ಕೋರ್ಟಿನಲ್ಲಿ ಕೂಡ, ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವರನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತಿತ್ತು. ಅವರ ಮೇಲೆ ಸಿಟ್ಟಿಟ್ಟುಕೊಂಡಷ್ಟು ಹೊತ್ತು ನನ್ನ ಪಾಲಿನದನ್ನು ನೋಡುವ ಕೆಲಸ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು, ಅವರು ಆ ಗಾಡಿಯನ್ನು ಗುಜರಿಗೆ ಹಾಕದೆ ಮತ್ತೆ ಕಟ್ಟತೊಡಗಿದ್ದು. ತಮ್ಮ ಒಂದು ಕಾಲು ಎಳೆಯುತ್ತ ಪುನಃ ರವಿವಾರ ಅಗಸೂರಿಗೆ ಹೊರಟಾಗ ನಾನು ಅಡ್ಡ ನಿಂತೆ.

"ಆಯಿನ ಕೊಂದ ಗಾಡಿ ಅದು. ನಿಂಗೆ ನಾಚ್ಕೆ ಇಲ್ವನ?"

"ಅವ್ರು ಏನೆಲ್ಲ ಬದಲ್ಸಿದ್ರೋ ಅದ್ನೆಲ್ಲ ತೆಗೀತಾ ಇದಾರೆ ಅಕ್ಕ. ಕಾರ್ಖಾನೆಯಿಂದ ಹೆಂಗೆ ಬಂದಿತ್ತೋ ಹಂಗೆ ಮಾಡ್ತ್ರಂತೆ. ಒಂದೊಂದು ನಟ್ಟು ಬಿಗಿದು, ಮರುದಿನ ಮತ್ತೆ ಬಿಚ್ಚಿ ನೋಡ್ತ್ರು. ನಾ ಹೋಗ್ದಿದ್ರೆ ಊಟನೂ ಮಾಡೂದಿಲ್ಲ. ನಂಗೂ ಅಲ್ಲಿ ಹೋದ್ರೆ ಸಮಾಧಾನ. ಮೊದಲ ದಿನದಿಂದ ನನ್ನ ನಂಬಿದವ್ರು ಅವ್ರೊಬ್ರೇ."

ಆ ಕೊನೆಯ ಮಾತು ನನಗೆಂದೇ ಹೇಳಿದ್ದು. ನಾನು ದಾರಿ ಬಿಟ್ಟೆ.

ಎರಡು ಸಾವಿರದ ಒಂಬತ್ತರ ಮೇ ತಿಂಗಳಲ್ಲಿ ಅವರಿಗೆ ನಿವೃತ್ತಿ. ಬೀಳ್ಕೊಡುಗೆಯಲ್ಲಿ ಹಿರಿಯಳೆಂದು ನನ್ನನ್ನೇ ಮಾತಾಡಲು ನಿಲ್ಲಿಸಿದರು. ಸಮಯಪಾಲನೆ, ಸುಂದರ ಅಕ್ಷರ, ಮಕ್ಕಳ ಮೇಲಿನ ಪ್ರೀತಿ ಎಂದು ಯಾರಿಗಾದರೂ ಹೇಳಬಹುದಾದ ನಾಲ್ಕು ಮಾತು ಹೇಳಿ ಕೂತೆ. ಅವರು ಎದ್ದು ಕೈಮುಗಿದರು.

ಹೊರಗೆ ಬಂದರೆ ಮರದ ಕೆಳಗೆ ಆ ಗಾಡಿ ನಿಂತಿತ್ತು. ಐದು ವರ್ಷದಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು. ಕಡುನೀಲಿ ಬಣ್ಣ. ಎಡಗಡೆಯ ಬಾಗಿಲು ಬೇರೆ ಗಾಡಿಯದು, ಅದರ ನೀಲಿ ಒಂಚೂರು ತಿಳಿ. ಮಾಸ್ತರು ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

"ಅಕ್ಕೋರೆ." ಐದು ವರ್ಷದ ಮೇಲೆ ಅವರು ನನ್ನನ್ನು ಕರೆದದ್ದು. "ಭಾವಿಕೇರಿ ಕ್ರಾಸ್ ತನಕ ಬಿಡ್ಲ?"

"ಬೇಡ. ಬಸ್ ಬತ್ತದೆ" ಎಂದೆ.

"ಆತು ಆತು" ಎಂದು ಎರಡು ಸಲ ಹೇಳಿ ಒಳಗೆ ಕೂತರು. ಗೇಟಿನ ಹತ್ತಿರ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಖಾಲಿ ರಸ್ತೆಯ ಎರಡೂ ಕಡೆ ನೋಡಿ, ಹೊರಟುಹೋದರು. ಬಸ್ಸು ಬರಲು ಮುಕ್ಕಾಲು ಗಂಟೆ ಹಿಡಿಯಿತು.

ಮನೆಯಲ್ಲಿ ತಮ್ಮನಿಗೆ ಹೇಳಿದೆ.

"ಆ ಗಾಡಿಲಿ ಅವ್ರ ಹೆಂಡ್ತಿನೂ ಕೂತಿಲ್ಲ ಅಕ್ಕ. ಕೂರೂದಿಲ್ಲ ಅಂದಾರೆ. ನಾ ಒಬ್ನೇ ಕೂರೂದು. ನಿನ್ನ ಕೇಳೂಕೆ ಅವ್ರು ಎಷ್ಟು ದಿನದಿಂದ ಧೈರ್ಯ ಮಾಡಿರ್ಬೇಕು."

ಇನ್ನೊಮ್ಮೆ ಕೇಳಿದರೆ ಕೂರುತ್ತೇನೆ ಎಂದುಕೊಂಡೆ. ನಾನಾಗಿಯೇ ಹೋಗಿ ಹೇಳಬಹುದಿತ್ತು. ಅಗಸೂರೇನು ದೂರವಲ್ಲ. ಮಳೆ ನಿಲ್ಲಲಿ ಎಂದೆ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವರು ಬಾವಿಕಟ್ಟೆಯ ಹತ್ತಿರ ಎದೆ ಹಿಡಿದು ಕುಸಿದರು. ಸುದ್ದಿ ತಿಳಿದು ತಮ್ಮ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹದಿನಾಲ್ಕನೆಯ ದಿನ ನಾನು ಹೋದೆ. ಅವರ ಹೆಂಡತಿಯನ್ನು ನಾನು ಅದುವರೆಗೆ ಎರಡು ಮೂರು ಸಲವಷ್ಟೇ ನೋಡಿದ್ದೆ. ಚಾಪೆ ಹಾಸಿದರು, ನೀರು ಕೊಟ್ಟರು. "ನಿಮ್ಮ ಮೇಲೆ ಅವ್ರಿಗೆ ಏನೂ ಸಿಟ್ಟಿರ್ಲಿಲ್ಲ ಅಕ್ಕೋರೆ" ಎಂದರು. ಅವರು ಅದನ್ನು ಸಮಾಧಾನಕ್ಕೆ ಹೇಳಿದ್ದು. ನನಗೆ ತಲೆಯೆತ್ತಲಾಗಲಿಲ್ಲ.

ಗಾಡಿ ನೋಡಬಹುದೇ ಎಂದು ಕೇಳಿದೆ. ಅವರು ಗೋಡೆಯ ಗೂಡಿನಿಂದ ಕೀಲಿ ತಂದುಕೊಟ್ಟರು. ಮನೆಯ ಮಗ್ಗುಲಿನ ತಗಡಿನ ಚಪ್ಪರದಲ್ಲಿ ಅದು ನಿಂತಿತ್ತು. ಹಿಂದಿನ ರಸ್ತೆಯಲ್ಲಿ ಲಾರಿಗಳು ಮಳೆಯಲ್ಲಿ ನೀರು ಸೀಳಿಕೊಂಡು ಹೋಗುತ್ತಿದ್ದವು. ನಾನು ಎಡಗಡೆಯ ಬಾಗಿಲು ತೆರೆದು, ಆಯಿ ಕೂತಿದ್ದ ಜಾಗದಲ್ಲಿ ಕೂತು, ಬಾಗಿಲು ಎಳೆದುಕೊಂಡೆ. ಮೀನೆಣ್ಣೆಯ ವಾಸನೆ. ಹೊರಗಿನ ಸದ್ದೆಲ್ಲ ಒಮ್ಮೆಲೇ ನಿಂತಹಾಗಾಯಿತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ.

ಎಷ್ಟು ಹೊತ್ತಾಯಿತೋ. ಬಲಗಡೆಯ ಬಾಗಿಲು ತೆರೆಯಿತು. ಅವರ ಹೆಂಡತಿ, ಸೀರೆಯ ಸೆರಗನ್ನು ಮುದುಡಿ ಹಿಡಿದು, ಒಂದು ಕಾಲು ಒಳಗಿಟ್ಟು ಸ್ವಲ್ಪ ತಡೆದರು. ಆಮೇಲೆ ಸ್ಟೇರಿಂಗಿನ ಹಿಂದೆ ಕೂತು ಬಾಗಿಲು ಹಾಕಿಕೊಂಡರು. ನಮ್ಮಿಬ್ಬರಿಗೂ ಗಾಡಿ ಓಡಿಸಲು ಬರುತ್ತಿರಲಿಲ್ಲ. ಮುಂದಿನ ಗಾಜಿನಾಚೆ ಚಪ್ಪರದ ಕಂಬ, ಅದಕ್ಕೆ ನೇತುಹಾಕಿದ ಮಾಸ್ತರರ ಕೆಲಸದ ಅಂಗಿ. ಅದನ್ನೇ ನೋಡುತ್ತ ಇಬ್ಬರೂ ಕೂತಿದ್ದೆವು. ಅವರು ಅತ್ತರು. ನಾನೂ ಅತ್ತೆ. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಲಿಲ್ಲ.

ಕೊನೆಗೆ ಅವರು ಕಣ್ಣೊರೆಸಿಕೊಂಡು, "ಚಾ ಮಾಡ್ತೆ, ಬನ್ನಿ" ಎಂದು ಇಳಿದರು. ನಾನು ನನ್ನ ಬದಿಯ ಬಾಗಿಲಿನ ಮೇಲೆಲ್ಲ ಕೈಯಾಡಿಸಿದೆ. ಒಳಗಿನಿಂದ ಅದನ್ನು ಹೇಗೆ ತೆಗೆಯುವುದೆಂದು ತಿಳಿಯಲಿಲ್ಲ. ಅವರು ಮುಂದಿನಿಂದ ಸುತ್ತಿ ಬಂದು ಹೊರಗಿನಿಂದ ತೆಗೆದರು.